ಹಸಿರು ಕೆನ್ನೆ

"ನನ್ನ ಮಗ ಸತ್ತಿದ್ದಾನೆ, ಮೇಸ್ತ್ರಿ. ಅಲ್ಲಿಗೆ ಹೋಗಿ ಯಾರನ್ನ ಕರೀಲಿ?" ಎಂದಳು ತೆಸ್ಸಾ. ಇಗರ್ಜಿಯ ಪೀಠದ ಮುಂದೆ ಕೂತವಳು ಏಳಲಿಲ್ಲ.

ಕರೆಯಲು ಓಡಿಬಂದಿದ್ದ ನೆರೆಮನೆಯ ಚಿತ್ರಕಾರ ನದ್ದೋ ಬಾಗಿಲತ್ತ ಕೈ ತೋರಿಸಿದ. ಫ್ಲಾರೆನ್ಸಿನವರು ಯುದ್ಧದಲ್ಲಿ ಹಿಡಿದ ಸೆರೆಯಾಳುಗಳನ್ನು ಸಿಯೆನಾದ ಕೋಟೆಬಾಗಿಲ ಹೊರಗೆ ತಂದು ನಿಲ್ಲಿಸಿದ್ದರು. ಸಂಜೆಯ ಗಂಟೆಯೊಳಗೆ ರಕ್ತಸಂಬಂಧಿಗಳು ಬಂದು ನಮ್ಮವನು ಎಂದರೆ ಬಿಡುಗಡೆ, ಇಲ್ಲದಿದ್ದರೆ ವಾಪಸು ಒಯ್ಯುತ್ತಾರೆ. ಬೇರೆಯವರನ್ನು ಹತ್ತಿರವೂ ಬಿಡುತ್ತಿಲ್ಲ. ತೆಸ್ಸಾಳ ಮಗ ಬಿಂದೋಗೆ ಈ ತಾಯಿಯನ್ನು ಬಿಟ್ಟರೆ ಯಾರೂ ಇಲ್ಲ.

ತೆಸ್ಸಾ ಪೀಠದ ಮೇಲಿನ ಹಲಗೆಯತ್ತ ಬೆರಳು ತೋರಿಸಿದಳು. ಮಗ ಸೆರೆಸಿಕ್ಕ ವರ್ಷ ನದ್ದೋನಿಂದಲೇ ಬರೆಸಿದ ಹರಕೆಯ ಚಿತ್ರ. ಚಿನ್ನದ ರೇಕಿನ ನಡುವೆ ಮಾತೆ ಮರಿಯ, ತೊಡೆಯ ಮೇಲೆ ಬಾಲಯೇಸು, ಪಾದದ ಬಳಿ ಮಂಡಿಯೂರಿದ ಪುಟ್ಟ ಬಿಂದೋ. ಮರಿಯಳ ಕೆನ್ನೆ ಅಂದಿನಷ್ಟೇ ಕೆಂಪಾಗಿತ್ತು. ಬಿಂದೋನ ಮುಖ ಮಾತ್ರ ಹೆಣದ ಹಾಗೆ ಹಸಿರು.

"ದಿನಾ ಸ್ವಲ್ಪ ಸ್ವಲ್ಪವೇ ಹಸಿರಾದ. ಮಾತೆ ಮರಿಯ ಹೀಗೆ ಹೇಳ್ತಾನೇ ಇದ್ಲು, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

"ದಿನಾ ಅವನಿಗೆ ಮುತ್ತು ಕೊಡ್ತಿದ್ಯಾ, ಅಕ್ಕಾ?"

"ಕೊಡದೆ ಇರ್ತೀನಾ?"

ನದ್ದೋಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಖ ಬರೆಯುವಾಗ ಮೊದಲು ಹಸಿರು ಮಣ್ಣು ಬಳಿದು, ಅದರ ಮೇಲೆ ಮೈಬಣ್ಣ ಹಚ್ಚುವುದು ವಾಡಿಕೆ, ನಿನ್ನ ತುಟಿಗೆ ಮೇಲಿನ ಬಣ್ಣ ಸವೆದಿದೆ ಅಷ್ಟೇ ಎಂದ. ಮರಿಯಳ ಕೆನ್ನೆಯ ಕೆಳಗೂ ಇದೇ ಹಸಿರು ಎಂದ. ಸಮಾಧಾನದ ಸುಳ್ಳು ಎಂದುಕೊಂಡು ಅವಳು ಮುಖ ತಿರುಗಿಸಿದಳು. ಹಠ ಹಿಡಿದ ದುಃಖಕ್ಕೆ ಯಾರು ಬುದ್ಧಿ ಹೇಳಬಲ್ಲರು?

ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ನದ್ದೋ ಸೊಂಟದ ಚೂರಿ ತೆಗೆದ. ಮಾತೆಯ ಮುಖಕ್ಕೆ ಚೂರಿ ತಾಗಿಸಿದವನ ಕೈ ಕಡಿಯುತ್ತಾರೆ. ಅವನ ಮನೆಯ ಒಲೆ ಉರಿಯುವುದೇ ಆ ಕೈಯಿಂದ.

"ಬೇಡ, ಮೇಸ್ತ್ರಿ," ತೆಸ್ಸಾ ಎದ್ದು ನಿಂತಳು.

ಅವನು ಕಣ್ಣು ಕಿರಿದು ಮಾಡಿ ಮರಿಯಳ ಕೆನ್ನೆ ಕೆರೆದ. ಕೆಂಪು ಪುಡಿಯಾಗಿ ಉದುರಿತು. ಕೆಳಗೆ ಹಸಿರು ಕಂಡಿತು. ತೆಸ್ಸಾ ಆ ಕೆನ್ನೆಯನ್ನು ನೋಡಿದಳು, ಮಗನ ಮುಖವನ್ನು ನೋಡಿದಳು, ಹೊರಗೆ ಓಡಿದಳು.

ಸಂಜೆಯ ಗಂಟೆ ಹೊಡೆದ ಮೇಲೆ ಎಲುಬಿನ ಹಂದರವಾಗಿದ್ದ ಬಿಂದೋನ ಕೈ ಹಿಡಿದು ಅವಳು ಮರಳಿ ಬಂದಾಗ, ಪಾದ್ರಿ ಹಲಗೆಯ ಮುಂದೆ ನಿಂತು ಇದು ಯಾರ ಕೆಲಸ ಎಂದು ಗದರುತ್ತಿದ್ದರು. ನದ್ದೋನ ಬಲಗೈ ಬೆನ್ನ ಹಿಂದಿತ್ತು.

"ನಂದೇ, ಗುರುಗಳೇ," ಎಂದಳು ತೆಸ್ಸಾ. "ದಿನಾ ಮುತ್ತು ಕೊಟ್ಟು ಸವೆದುಹೋಯ್ತು."

"ಮುತ್ತು ಇಷ್ಟು ಆಳಕ್ಕೆ ಕೊರೆಯುತ್ತೇನಮ್ಮಾ?"

ತೆಸ್ಸಾ ಮಗನ ಕೈ ಬಿಡಲಿಲ್ಲ. "ಮಗ ಸೆರೆಯಲ್ಲಿದ್ರೆ ಕೊರೆಯುತ್ತೆ, ಗುರುಗಳೇ."