ಪಟ್ಟೆ ಸ್ವೆಟರು

ಇಲಿ ತೊಟ್ಟಿಯ ನಡುನೀರಿನಲ್ಲಿ ಗಕ್ಕನೆ ತಿರುಗಿತು. ಮಸುಕು ನೀರಿನೊಳಗೆ ಅಡಗಿಸಿಟ್ಟ, ನೆನಪಿನಿಂದಲೇ ಹುಡುಕಿ ಹತ್ತಬೇಕಾದ ಪುಟ್ಟ ಕಟ್ಟೆಯನ್ನು ಬಿಟ್ಟು, ಎದುರು ಬದಿಯಲ್ಲಿ ನಿಂತಿದ್ದ ಸಂಶೋಧಕಿಯ ಕಡೆಗೆ ಬಾಣದಂತೆ ಈಜಿತು.

ಇದು ಅಂತಿಂಥ ಇಲಿಯಲ್ಲ. ಮರೆವಿನ ರೋಗ ಹಿಡಿದಿದ್ದ ಇದು ಆಕೆಯ ಹೊಸ ಔಷಧಿ ಕುಡಿದ ಮೇಲೆ ಕಣ್ಣು ಮಿಟುಕಿಸುವುದರೊಳಗೆ ಕಟ್ಟೆ ಹತ್ತುತ್ತಿತ್ತು. ಕೇಳಿದರೆ ಹಿಂದಿನ ಏಳು ಜನ್ಮದ ವಿಳಾಸವನ್ನೂ ಹೇಳೀತು. ಸಂಜೆ ಈ ಔಷಧಿಯ ಪ್ರಬಂಧ ಪತ್ರಿಕೆಗೆ ಹೊರಟರೆ, ಪಿಎಚ್‌ಡಿ ಮುಗಿಸಿ ಇಲ್ಲಿ ಸೇರಿದ್ದ ಆಕೆಯ ಹಂಗಾಮಿ ನೌಕರಿ ಉಳಿಯುತ್ತಿತ್ತು. ಪವಾಡ ನೋಡಲು ಬಂದ ಪ್ರೊಫೆಸರು ಆಕೆ ದಿನವೂ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದರು. ಆಕೆ ಆಚೆ ಸರಿದಿದ್ದಳು.

"ನೋಡಮ್ಮ, ನಿನ್ನ ಮೇಲೆ ಎಷ್ಟು ಪ್ರೀತಿ ಅದಕ್ಕೆ!" ಎಂದು ಅವರು ಕಟ್ಟಡವೇ ಅದುರುವಂತೆ ನಕ್ಕರು.

ಆಕೆ ನಗಲಿಲ್ಲ. ತನ್ನ ಸ್ವೆಟರನ್ನು ನೋಡಿಕೊಂಡಳು. ಅಜ್ಜಿ ಹೆಣೆದ ಕಪ್ಪು ಬಿಳಿ ಪಟ್ಟೆಯದು, ಚಂದ್ರನ ಮೇಲೆ ನಿಂತವರಿಗೂ ಕಾಣುವಂಥದ್ದು. ಔಷಧಿ ಕುಡಿದ ಇಲಿಗಳನ್ನೆಲ್ಲ ಈಜಿಸಿದ್ದು ಆಕೆ, ಇದೇ ಸ್ವೆಟರಿನಲ್ಲಿ, ಕಟ್ಟೆಯ ಪಕ್ಕದಲ್ಲೇ ನಿಂತು. ಕುಡಿಯದ ಇಲಿಗಳನ್ನು ಈಜಿಸಿದ್ದು ಒಬ್ಬ ಸಹೋದ್ಯೋಗಿ, ಸಾದಾ ಕೋಟಿನಲ್ಲಿ ಅತ್ತಿತ್ತ ಓಡಾಡುತ್ತ.

"ಸರ್, ಇದನ್ನ ಹಾಕ್ಕೊಂಡು ಬಾಗಿಲ ಹತ್ರ ನಿಂತ್ಕೋತೀರಾ?" ಆಕೆ ಸ್ವೆಟರು ಬಿಚ್ಚಿ ಚಾಚಿದಳು.

"ನಾನಾ? ಇದನ್ನಾ?" ಎನ್ನುತ್ತಲೇ ಅವರು ತೋಳು ತೂರಿಸಿದರು. ಸ್ವೆಟರು ಹೊಕ್ಕುಳ ದಾಟಲಿಲ್ಲ. ಆಕೆ ಇಲಿಯನ್ನು ಮತ್ತೆ ನೀರಿಗೆ ಬಿಟ್ಟಳು. ಅದು ನೇರ ಬಾಗಿಲ ಕಡೆಗೆ ಈಜಿ, ಪ್ರೊಫೆಸರ ಮುಂದಿನ ತೊಟ್ಟಿಯ ಗೋಡೆಯನ್ನು ಕೆರೆಯತೊಡಗಿತು.

"ಈಗ ನಿಮ್ಮ ಮೇಲೂ ಪ್ರೀತಿ ಬಂತು ಸರ್," ಎಂದಳು ಆಕೆ. "ಅದು ಹುಡುಕ್ತಿದ್ದಿದ್ದು ಸ್ವೆಟರನ್ನ, ಕಟ್ಟೇನಲ್ಲ. ಪ್ರಬಂಧ ಕಳಿಸೋದು ಬೇಡ."