ಊರಿಗೊಂದೇ ನಾಯಿ

ಬಳ್ಳಾರಿಗೆಲ್ಲ ಈಗ ಉಳಿದಿರುವುದು ಒಂದೇ ನಾಯಿ. ಬೇಸಿಗೆಯ ಭಾನುವಾರಗಳಲ್ಲಿ ಬೆಳಿಗ್ಗೆ ಪಾಲಿಕೆಯವರು ಅದನ್ನು ಪಾರ್ಕಿಗೆ ಕರೆತಂದು ಬೆಲ್ಟ್ ಬಿಚ್ಚಿ ಬಿಡುತ್ತಾರೆ. ಜನ ನೀರಿನ ಬಟ್ಟಲು ಮುಂದಿಟ್ಟುಕೊಂಡು ಸುತ್ತ ಕೂರಬೇಕು. ಕರೆಯುವಂತಿಲ್ಲ, ಚಿಟಿಕೆ ಹೊಡೆಯುವಂತಿಲ್ಲ. ಅದಾಗಿಯೇ ಯಾರ ಹತ್ತಿರ ಬರುತ್ತದೋ ಅವರು ಮಾತ್ರ ಮುಟ್ಟಬಹುದು.

ಹುಲಿಗೆಮ್ಮ ಪ್ರತಿ ಬೇಸಿಗೆಯೂ ಬರುತ್ತಿದ್ದಳು. ನಾಯಿ ಒಮ್ಮೆಯೂ ಅವಳತ್ತ ತಿರುಗಿರಲಿಲ್ಲ. ಇವತ್ತಂತೂ ಗಂಡ ಗಾದಿಲಿಂಗಪ್ಪ ಅವಸರದಲ್ಲಿ ಸ್ಟೀಲ್ ಬಟ್ಟಲು ಮನೆಯಲ್ಲೇ ಬಿಟ್ಟು, ಸೀಳು ಬಿಟ್ಟಿದ್ದ ಮಣ್ಣಿನ ಬೋಗುಣಿ ಎತ್ತಿಕೊಂಡು ಬಂದಿದ್ದ. ಹಾಕಿದ ನೀರೆಲ್ಲ ಸೋರಿ ಅವಳ ಕಾಲ ಬುಡದ ಮಣ್ಣಿಗೆ ಇಳಿಯುತ್ತಿತ್ತು.

“ಅಲ್ರೀ, ಪಕ್ಕದೋರು ಐಸ್ ಹಾಕಿದ ಮಜ್ಜಿಗೆ ತಂದಾರೆ. ನೀವು ನೋಡಿದ್ರೆ ಸೋರೋದನ್ನ ತಂದೀರಿ,” ಎಂದಳು.

“ಬಂದ್ರೆ ಬರ್ತೈತೆ, ಬಿಡು,” ಎಂದ ಅವನು, ತಲೆ ಎತ್ತದೆ.

ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನಾಯಿ ನಾಲಿಗೆ ಇಳಿಬಿಟ್ಟುಕೊಂಡು ಬಂದು ಮಜ್ಜಿಗೆ ಮೂಸಿತು, ಯಾರದೋ ಬೆಳ್ಳಿ ಬಟ್ಟಲಲ್ಲಿ ಎರಡು ಗುಟುಕು ಕುಡಿಯಿತು. ಆಮೇಲೆ ನೆಟ್ಟಗೆ ಹುಲಿಗೆಮ್ಮನ ಮುಂದೆ ಬಂತು. ಬೋಗುಣಿಯ ಕಡೆ ನೋಡಲೂ ಇಲ್ಲ. ಒದ್ದೆ ಮಣ್ಣನ್ನು ಕಾಲಲ್ಲಿ ಕೆರೆದು, ಒಂದು ಸುತ್ತು ಸುತ್ತಿ, ಹೊಟ್ಟೆಯನ್ನು ಕೆಸರಿಗೊತ್ತಿ, ಅವಳ ಪಾದಕ್ಕೆ ಬೆನ್ನು ಆನಿಸಿ ಮಲಗಿಬಿಟ್ಟಿತು.

ಹುಲಿಗೆಮ್ಮ ಅದರ ಕಿವಿಯ ಹಿಂದೆ ಮೆಲ್ಲಗೆ ಕೈಯಿಟ್ಟಳು. ಮಣ್ಣು ಒಣಗಿದರೆ ಅದು ಎದ್ದು ಹೋಗುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಗಾದಿಲಿಂಗಪ್ಪ ತಮ್ಮಿಬ್ಬರಿಗೆ ಕುಡಿಯಲು ತಂದಿದ್ದ ಬಾಟಲಿಯ ಮುಚ್ಚಳ ತೆಗೆದು, ಸದ್ದು ಮಾಡದೆ, ಒಡಕು ಬೋಗುಣಿಗೆ ಸುರಿಯತೊಡಗಿದ.