ಹಗ್ಗದ ಗಂಟು

ಪಕ್ಕದವರು ಮಿಷನ್ ಗರಗಸದಲ್ಲಿ ಹಲಸಿನ ಮರ ಕೊಯ್ಯಿಸುತ್ತಿದ್ದಾರೆ. ಹೊಟ್ಟಿನ ವಾಸನೆಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅಪ್ಪ ಮರ ಕೊಯ್ಯುವವನು. ನಮ್ಮದು ಐದಡಿಯ ಗರಗಸ. ದಪ್ಪ ಮರಕ್ಕೆ ಏಳಡಿಯದು ಬೇಕಾದರೆ ಕುಮಟೆಯ ಮಾವನಿಂದ ತರಬೇಕಿತ್ತು. ಒಮ್ಮೆ ಕರ್ಕಿಯಲ್ಲಿ ದೋಣಿಗೆಂದು ತಂದಿದ್ದ ದಿಮ್ಮಿಯ ದಪ್ಪ ಅಳೆದು ಬಾ ಎಂದು ನನಗೆ ಹಗ್ಗ ಕೊಟ್ಟು ಕಳಿಸಿದ. ಬುಡದ ತುಂಬ ಕೆಂಪಿರುವೆ. ನಾನು ತುದಿಯನ್ನು ಅಳೆದು, ಹಗ್ಗಕ್ಕೆ ಗಂಟು ಹಾಕಿ ತಂದೆ.

"ಬುಡದ್ದೇ ಅಳದ್ಯನೆ?"

"ಹೌದು ಅಪ್ಪಾ."

ಮರುದಿನ ಮಧ್ಯಾಹ್ನ, ತುದಿಯಿಂದ ಸಲೀಸಾಗಿ ಬಂದ ನಮ್ಮ ಐದಡಿಯ ಗರಗಸ ಬುಡದ ಹತ್ತಿರ ಎಳೆಯಲು ಉದ್ದ ಸಾಲದೆ ನಿಂತಿತು. ದೋಣಿಯ ಯಜಮಾನ ನಕ್ಕ.

"ಎಂತದ ಮಾರಾಯ, ಮೀನು ಕೊಯ್ಯು ಕತ್ತಿ ತಂದ್ಯಾ? ಸಾಕು, ಬೇರೆಯವ್ರನ್ನ ಕರೀತೆ."

ಅಪ್ಪ ಬುಡದ ಇರುವೆ ನೋಡಿದ. ಒಂದೂ ಕಡಿತವಿಲ್ಲದ ನನ್ನ ಕಾಲು ನೋಡಿದ.

"ಅಳತೆ ನಂದೇ ತಪ್ಪಿತು ಒಡೆಯಾ" ಎಂದು, ಹಗ್ಗದ ಗಂಟನ್ನು ಬಿಚ್ಚಿಬಿಟ್ಟ.